ಪರದೇಶದ ರೈಲಿನಲ್ಲಿ ಲೋಕಿಕೆರೆಯ ಪ್ರಯಾಣಿಕರು

ಲೋಕಿಕೆರೆಯವರು ರೈಲುಗಾಡಿ ಹತ್ತಬೇಕಾದರೆ ದಾವಣಗೆರೆಗೋ ಹರಿಹರಕ್ಕೋ ಬರಬೇಕು. ಬಂದ ಮೇಲೆ ಮುಂದಿನದೆಲ್ಲ ತಿಳಿದ ವಿದ್ಯೆಯೇ. ಟಿಕೇಟು ತೆಗೆಯುವುದು, ಸ್ಥಳ ಸಿಗದಿದ್ದರೆ ವೆಯಿಟಿಂಗ್ ಲಿಸ್ಟಿನಲ್ಲಿ ಹೆಸರು ಬರೆಸಿ ದೇವರ ಮೇಲೆ ಭಾರ ಹಾಕುವುದು, ಬೋಗಿ ಎಲ್ಲಿ ನಿಲ್ಲುವುದೆಂದು ಪೋರ್ಟರನ್ನು ಕೇಳುವುದು, ಬುತ್ತಿಯ ಗಂಟನ್ನು ಕಿಟಕಿಯ ಪಕ್ಕಕ್ಕೆ ಇಟ್ಟುಕೊಳ್ಳುವುದು, ಇವನ್ನೆಲ್ಲ ನಮಗೆ ಯಾರೂ ಪಾಠ ಹೇಳಿಕೊಟ್ಟಿಲ್ಲ. ಆದರೆ ದಾವಣಗೆರೆಯ ಇಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳಲ್ಲಿ ಓದಿದ ಮಕ್ಕಳು ಜರ್ಮನಿ, ಇಂಗ್ಲೆಂಡ್, ಜಪಾನ್‌ಗಳಲ್ಲಿ ನೌಕರಿಗೆ ನಿಂತು, "ಅಪ್ಪಾಜಿ, ಈ ಬೇಸಿಗೆಗೆ ಅವ್ವನನ್ನು ಕರೆದುಕೊಂಡು ಬಂದುಬಿಡಿ" ಎಂದು ಕರೆಯತೊಡಗಿದ ಮೇಲೆ, ಆ ವಿದ್ಯೆಯಲ್ಲಿ ಅರ್ಧದಷ್ಟನ್ನು ಮರೆತು ಹೊಸದಾಗಿ ಕಲಿಯಬೇಕಾದ ಪ್ರಸಂಗ ನಮ್ಮ ಅನೇಕ ಕುಟುಂಬಗಳಿಗೆ ಒದಗಿದೆ.

ನಿಜಕ್ಕೂ ಈ ಸೀಮೆಯವರಿಗೆ ಗಡಿ ದಾಟುವ ರೈಲು ಅಪರಿಚಿತವಲ್ಲ. ೧೯೫೬ರ ನವೆಂಬರ್ ೧ಕ್ಕೆ ಮುಂಚೆ ಹರಿಹರದ ತುಂಗಭದ್ರೆಯ ಈಚೆ ದಡ ಮೈಸೂರು. ಆಚೆ ದಡದ ರಾಣೇಬೆನ್ನೂರು ಮುಂಬಯಿಗೆ ಸೇರಿದ ಧಾರವಾಡ ಜಿಲ್ಲೆ. ಸೇತುವೆಯ ಮೇಲೆ ಗಾಡಿ ಸದ್ದುಮಾಡುತ್ತಾ ಸಾಗುವ ಕೆಲವೇ ನಿಮಿಷಗಳಲ್ಲಿ ಪ್ರಯಾಣಿಕನು ಒಂದು ಸರ್ಕಾರದಿಂದ ಇನ್ನೊಂದಕ್ಕೆ ಸೇರಿಬಿಡುತ್ತಿದ್ದನು. ಅಲ್ಲಿ ಆತನನ್ನು ಯಾರೂ ಪರದೇಶಿ ಎನ್ನಲಿಲ್ಲ, ಅಷ್ಟೆ. ಇಂದು ಜರ್ಮನಿಯಿಂದ ಫ್ರಾನ್ಸಿಗೆ ಹೋಗುವ ಗಾಡಿಯೂ ಬಹುಮಟ್ಟಿಗೆ ಹಾಗೆಯೇ ಗಡಿ ದಾಟುತ್ತದೆ. ವ್ಯತ್ಯಾಸವೆಂದರೆ, ಅಲ್ಲಿ ನಾವು ಪರದೇಶಿಗಳು; ನಡುವೆ ಪೊಲೀಸರು ಬಂದು ಪಾಸ್‌ಪೋರ್ಟ್ ಕೇಳಿದರೆ ಅದು ಕೈಚೀಲದಲ್ಲಿರಬೇಕು, ಮಗನ ಮನೆಯ ಬೀರುವಿನಲ್ಲಿರಬಾರದು.

ಲೋಕಿಕೆರೆಯ ವೃದ್ಧ ದಂಪತಿಗಳೊಬ್ಬರು ಫ್ರಾಂಕ್‌ಫರ್ಟಿನಲ್ಲಿ ವಿಮಾನದಿಂದಿಳಿದು, ರೈಲಿನಲ್ಲಿ ಕೊಲೋನ್ ನಗರದ ಮಗನ ಮನೆಗೆ ಹೋಗಬೇಕೆಂದು ಇಟ್ಟುಕೊಳ್ಳೋಣ. ಮಗನು ಒಂದು ತಿಂಗಳು ಮುಂಚಿತವಾಗಿಯೇ ಅಗ್ಗದ ಟಿಕೇಟನ್ನು ಕೊಂಡಿದ್ದಾನೆ. ಅಗ್ಗದ ಟಿಕೇಟಿಗೆ ಜರ್ಮನರು ಇಟ್ಟ ಹೆಸರು ಸ್ಪಾರ್‌ಪ್ರೈಸ್. ಅದರ ಷರತ್ತು ಒಂದೇ ಮಾತಿನದು: ಟಿಕೇಟಿನಲ್ಲಿ ಬರೆದ ಗಾಡಿಯಲ್ಲಿಯೇ ಹೋಗಬೇಕು. ವಿಮಾನ ಎರಡು ಗಂಟೆ ತಡವಾಯಿತು. ವಲಸೆ ಅಧಿಕಾರಿಯ ಮುಂದಿನ ಸಾಲು ಉದ್ದವಾಗಿತ್ತು. ಪೆಟ್ಟಿಗೆ ಬರುವುದು ತಡವಾಯಿತು. ಗಾಡಿ ಹೊರಟುಹೋಯಿತು. ವಿಮಾನದ ತಡಕ್ಕೆ ರೈಲ್ವೆಯವರು ಹೊಣೆಯಲ್ಲ. ಟಿಕೇಟು ಕಾಗದವಾಯಿತು. ಆ ವೇಳೆಯಲ್ಲಿ ಕೊಳ್ಳುವ ಹೊಸ ಟಿಕೇಟಿನ ಬೆಲೆ ಹಳೆಯದರ ಮೂರು ನಾಲ್ಕು ಪಟ್ಟು ಆದರೂ ಆಶ್ಚರ್ಯವಿಲ್ಲ. ಹಣ ಹೋದದ್ದಕ್ಕಿಂತಲೂ, ಭಾಷೆ ತಿಳಿಯದ ನಿಲ್ದಾಣದಲ್ಲಿ ನಿಂತ ತಾಯಿಯ ಮುಖ ನೆನೆದು ಮಗನು ಆಫೀಸಿನಲ್ಲಿ ಪಡುವ ಸಂಕಟವೇ ದೊಡ್ಡದು.

ಇದಕ್ಕೆ ಮದ್ದು ಎರಡುಂಟು. ಫ್ಲೆಕ್ಸ್‌ಪ್ರೈಸ್ ಎಂಬ ಹೆಚ್ಚು ಬೆಲೆಯ ಟಿಕೇಟು ಅಂದಿನ ಯಾವ ಗಾಡಿಗಾದರೂ ಸಲ್ಲುತ್ತದೆ. ಇಲ್ಲವೇ ಕೆಲವು ವಿಮಾನ ಕಂಪನಿಗಳು ತಮ್ಮ ಟಿಕೇಟಿನ ಜೊತೆಗೆ ಮಾರುವ 'ರೈಲ್ ಅಂಡ್ ಫ್ಲೈ' ಟಿಕೇಟು; ಇದೂ ಒಂದೇ ಗಾಡಿಗೆ ಕಟ್ಟಿಹಾಕುವುದಿಲ್ಲ, ವಿಮಾನ ತಡವಾದರೆ ಮುಂದಿನ ಗಾಡಿ ಹತ್ತಬಹುದು. ಇದನ್ನು ವಿಮಾನದ ಟಿಕೇಟು ಕೊಳ್ಳುವಾಗಲೇ ಕೇಳಿ ವಿಚಾರಿಸಬೇಕು. ಇಳಿದ ದಿನದ ಪ್ರಯಾಣಕ್ಕೆ ಅಗ್ಗದ ಟಿಕೇಟನ್ನು ಕೊಳ್ಳುವುದು ಉಳಿತಾಯವಲ್ಲ, ಜೂಜು ಎಂಬುದೇ ನನ್ನ ಅಭಿಪ್ರಾಯ. ವಾರದ ನಂತರ, ಮೈ ಹಗುರಾಗಿ, ಮಗನ ಜೊತೆಗೆ ಊರು ನೋಡಲು ಹೊರಟಾಗ ಅಗ್ಗದ ಟಿಕೇಟು ಒಳ್ಳೆಯದೇ.

ಇನ್ನು ಹೆಸರಿನ ಮೋಸ. ಜರ್ಮನಿಯಲ್ಲಿ ಫ್ರಾಂಕ್‌ಫರ್ಟುಗಳು ಎರಡಿವೆ. ಮೈನ್ ನದಿಯ ಮೇಲಿನದು ವಿಮಾನ ಇಳಿಯುವ ಮಹಾನಗರ. ಓಡರ್ ನದಿಯ ಮೇಲಿನದು ಪೋಲೆಂಡಿನ ಗಡಿಯಲ್ಲಿರುವ ಊರು. ಯಂತ್ರದಲ್ಲಿ ಟಿಕೇಟು ತೆಗೆಯುವಾಗ ಆವರಣದೊಳಗಿನ ನದಿಯ ಹೆಸರನ್ನು ಓದದೆ ಗುಂಡಿ ಒತ್ತಬಾರದು. ಬೆಂಗಳೂರಿಗೆ ಟಿಕೇಟು ತೆಗೆಯುವವರು ಯಶವಂತಪುರವೋ, ಸಂಗೊಳ್ಳಿ ರಾಯಣ್ಣ ನಿಲ್ದಾಣವೋ ಎಂದು ನೋಡಿಕೊಳ್ಳುವುದಿಲ್ಲವೇ? ಪ್ಯಾರಿಸ್ಸಿನಲ್ಲಿಯೂ ಲಂಡನ್ನಿನಲ್ಲಿಯೂ ದಿಕ್ಕಿಗೊಂದರಂತೆ ದೊಡ್ಡ ನಿಲ್ದಾಣಗಳಿದ್ದು, ಒಂದರಲ್ಲಿಳಿದು ಇನ್ನೊಂದರಲ್ಲಿ ಹತ್ತಬೇಕಾದರೆ ನಡುವೆ ನೆಲದಡಿಯ ರೈಲಿನ ಪ್ರಯಾಣವೂ ಸೇರುತ್ತದೆ. ಅದಕ್ಕೆ ಒಂದು ಗಂಟೆಯನ್ನಾದರೂ ಮೀಸಲಿಡಬೇಕು.

ನಮ್ಮವರಿಗೆ ತೀರ ವಿಚಿತ್ರವಾಗಿ ತೋರುವ ಸಂಗತಿಯೆಂದರೆ, ಜರ್ಮನಿಯಲ್ಲಿ ಟಿಕೇಟು ಬೇರೆ, ಆಸನ ಬೇರೆ. ವೆಯಿಟಿಂಗ್ ಲಿಸ್ಟು ಎಂಬುದಿಲ್ಲ. ಗಾಡಿ ತುಂಬಿದರೂ ಟಿಕೇಟು ಸಾಮಾನ್ಯವಾಗಿ ಸಿಗುತ್ತದೆ. ಆದರೆ ಕೂರಲು ಜಾಗ ಬೇಕಾದರೆ ಪ್ರತ್ಯೇಕವಾಗಿ ಸ್ವಲ್ಪ ಹಣ ಕೊಟ್ಟು ಆಸನ ಕಾದಿರಿಸಬೇಕು. ಇಲ್ಲದಿದ್ದರೆ ಮಂಡಿ ನೋವಿನವರೂ ಬಾಗಿಲ ಬಳಿ ನಿಂತು ಹೋಗಬೇಕಾದೀತು. ಆಸನದ ಮೇಲ್ಭಾಗದ ಪುಟ್ಟ ಫಲಕದಲ್ಲಿ ಎಲ್ಲಿಂದ ಎಲ್ಲಿಯವರೆಗೆ ಅದು ಕಾದಿರಿಸಲ್ಪಟ್ಟಿದೆ ಎಂದು ಬರೆದಿರುತ್ತದೆ. ಆ ನಿಲ್ದಾಣಗಳ ಆಚೀಚೆ ಯಾರು ಬೇಕಾದರೂ ಕೂರಬಹುದು. ಫ್ರಾನ್ಸಿನ ಟಿ.ಜಿ.ವಿ. ಗಾಡಿಗಳ ಪದ್ಧತಿ ಇದಕ್ಕೆ ವಿರುದ್ಧ: ಅಲ್ಲಿ ಆಸನವಿಲ್ಲದ ಟಿಕೇಟೇ ಇಲ್ಲ.

ಬೋಗಿಯ ಸಂಖ್ಯೆಯನ್ನು ಅಲಕ್ಷ್ಯ ಮಾಡಬಾರದೆಂಬುದಕ್ಕೆ ಇನ್ನೂ ಗಂಭೀರವಾದ ಕಾರಣವುಂಟು. ಬರ್ಲಿನ್ನಿನಿಂದ ಪಶ್ಚಿಮಕ್ಕೆ ಹೋಗುವ ಕೆಲವು ವೇಗದ ಗಾಡಿಗಳು ಹಾಮ್ ಎಂಬ ನಿಲ್ದಾಣದಲ್ಲಿ ಎರಡಾಗಿ ಬೇರ್ಪಡುತ್ತವೆ. ಒಂದು ಭಾಗ ಡ್ಯುಸೆಲ್‌ಡಾರ್ಫಿನ ಕಡೆಗೆ, ಇನ್ನೊಂದು ವುಪ್ಪರ್‌ಟಾಲ್ ಮೂಲಕ ಕೊಲೋನಿಗೆ. ತಿಂಡಿಯ ಬೋಗಿಯನ್ನು ಹುಡುಕುತ್ತಾ ಹೋದ ಯಜಮಾನರು ಮುಂದಿನ ಭಾಗದಲ್ಲಿ, ಮನೆಯಾಕೆ ಹಿಂದಿನ ಭಾಗದಲ್ಲಿ ಉಳಿದರೆ, ಸಂಸಾರವೇ ಎರಡು ಊರು ಸೇರುತ್ತದೆ. ಪ್ಲಾಟ್‌ಫಾರ್ಮಿನ ಮೇಲೆ ಅಕ್ಷರಗಳಿಂದ ಗುರುತಿಸಿದ ವಿಭಾಗಗಳಿರುತ್ತವೆ. ಯಾವ ಬೋಗಿ ಯಾವ ಅಕ್ಷರದ ಕೆಳಗೆ ನಿಲ್ಲುವುದೆಂಬುದನ್ನು ಫಲಕದಲ್ಲಿ ತೋರಿಸುತ್ತಾರೆ. ಬಾಗಿಲು ತಾನಾಗಿ ತೆರೆಯಲೆಂದು ಕಾಯುತ್ತಾ ನಿಲ್ಲಬೇಡಿ. ಬಹಳ ಗಾಡಿಗಳಲ್ಲಿ ಗುಂಡಿ ಒತ್ತಿದರೆ ಮಾತ್ರ ತೆರೆಯುತ್ತದೆ.

ಜರ್ಮನ್ ಗಾಡಿಗಳು ಗಡಿಯಾರಕ್ಕೆ ಸರಿಯಾಗಿ ಓಡುತ್ತವೆ ಎಂಬ ಹಳೆಯ ಕೀರ್ತಿಯನ್ನು ನಂಬಿ ಹೋದವರಿಗೆ ಈಗ ನಿರಾಸೆ ಕಾದಿದೆ. ಆದರೆ ತಡವಾದರೆ ಪ್ರಯಾಣಿಕನಿಗೆ ಹಕ್ಕುಗಳುಂಟು. ಗಮ್ಯಸ್ಥಾನವನ್ನು ೨೦ ನಿಮಿಷ ಅಥವಾ ಹೆಚ್ಚು ತಡವಾಗಿ ಸೇರುವಂತೆ ಕಂಡರೆ, ಅಗ್ಗದ ಟಿಕೇಟಿನ 'ಆ ಗಾಡಿಯೇ' ಎಂಬ ಕಟ್ಟು ಸಡಿಲವಾಗುತ್ತದೆ. ಬೇರೆ ಗಾಡಿ ಹತ್ತಬಹುದು. ೬೦ ನಿಮಿಷ ತಡವಾದರೆ ಟಿಕೇಟಿನ ಬೆಲೆಯ ಶೇಕಡ ೨೫, ೧೨೦ ನಿಮಿಷವಾದರೆ ಶೇಕಡ ೫೦ ಹಿಂದಿರುಗಿಸುವ ನಿಯಮವು ಯೂರೋಪ್ ಒಕ್ಕೂಟದಲ್ಲಿದೆ. ಪ್ರಚಂಡ ಬಿರುಗಾಳಿಯಂಥ ಅಸಾಧಾರಣ ಕಾರಣಗಳಿಗೆ ಮಾತ್ರ ವಿನಾಯಿತಿ. ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ನಮ್ಮ ಹಿರಿಯರು ಸಂಕೋಚದಿಂದ ಕೇಳದೆ ಬಿಡುವುದೇ ಹೆಚ್ಚು. ಕೇಳಿರಿ, ಅದು ಭಿಕ್ಷೆಯಲ್ಲ.

ಪಾಸುಗಳ ವಿಷಯದಲ್ಲಿ ತಂದೆ ಮಕ್ಕಳ ದಾರಿ ಬೇರೆಯಾಗುತ್ತದೆ. ಯೂರೋಪಿನ ಹಲವು ದೇಶಗಳಲ್ಲಿ ಸಲ್ಲುವ ಯೂರೇಲ್ ಪಾಸು ೧೯೫೯ರಿಂದ ಇದೆ. ಅದು ಯೂರೋಪಿನಲ್ಲಿ ವಾಸವಿಲ್ಲದವರಿಗೆ. ಅಲ್ಲಿ ನೆಲಸಿದ ಮಗನು ಭಾರತದ ಪ್ರಜೆಯಾಗಿದ್ದರೂ ಇಂಟರ್‌ರೇಲ್ ಎಂಬ ಬೇರೆ ಪಾಸನ್ನು ಕೊಳ್ಳಬೇಕು. ಲೆಕ್ಕಕ್ಕೆ ಬರುವುದು ವಾಸಸ್ಥಳ, ಪೌರತ್ವವಲ್ಲ. ಪಾಸು ಇದ್ದ ಮಾತ್ರಕ್ಕೆ ಎಲ್ಲ ಗಾಡಿಯೂ ಪುಕ್ಕಟೆ ಎಂದು ತಿಳಿಯಬಾರದು. ಫ್ರಾನ್ಸ್, ಸ್ಪೇನ್, ಇಟಲಿಗಳ ವೇಗದ ಗಾಡಿಗಳಲ್ಲಿ ಆಸನಕ್ಕೆ ಮತ್ತೆ ಹಣ ತೆರಬೇಕು. ಇಟಲಿಯ ಪ್ರಾದೇಶಿಕ ಗಾಡಿಗಳಿಗೆ ಕಾಗದದ ಟಿಕೇಟು ಕೊಂಡವರು ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಹಾಕಿಸದಿದ್ದರೆ, ಹಣ ಕೊಟ್ಟು ಕೊಂಡ ಟಿಕೇಟು ಕೈಯಲ್ಲಿದ್ದೂ ದಂಡ ಕಟ್ಟಬೇಕಾಗುತ್ತದೆ.

ಜಪಾನಿನ ನಿಯಮ ಇನ್ನೂ ಬಿಗಿ. ೧೯೬೪ರ ಅಕ್ಟೋಬರ್ ೧ರಂದು ಟೋಕಿಯೋ–ಒಸಾಕಾ ನಡುವೆ ಆರಂಭವಾದ ಶಿಂಕಾನ್‌ಸೆನ್ ಗಾಡಿಯನ್ನು ಕಾಣುವ ಆಸೆ ಯಾರಿಗಿಲ್ಲ? ಜಪಾನ್ ರೈಲ್ ಪಾಸು ತಾತ್ಕಾಲಿಕ ಸಂದರ್ಶಕರಾಗಿ ಬಂದ ಪರದೇಶೀಯರಿಗೆ. ಅಲ್ಲಿ ನೌಕರಿಯಲ್ಲಿರುವ ಮಗಳಿಗೆ ಸಿಗದು, ನೋಡಲು ಹೋದ ತಾಯಿಗೆ ಸಿಗುತ್ತದೆ. ಆದರೆ ೨೦೨೩ರ ಅಕ್ಟೋಬರ್‌ನಲ್ಲಿ ಏಳು ದಿನಗಳ ಸಾಧಾರಣ ಪಾಸಿನ ಬೆಲೆ ೨೯,೬೫೦ ಯೆನ್‌ನಿಂದ ೫೦,೦೦೦ಕ್ಕೆ ಏರಿತು. ಒಂದೆರಡು ಊರನ್ನು ಮಾತ್ರ ನೋಡುವವರು ಬಿಡಿ ಟಿಕೇಟುಗಳ ಲೆಕ್ಕವನ್ನೂ ಹಾಕಿ ನೋಡಬೇಕು. ಇನ್ನೊಂದು ಮಾತು, ಪೆಟ್ಟಿಗೆಯದು. ಉದ್ದ, ಅಗಲ, ಎತ್ತರ ಮೂರನ್ನೂ ಕೂಡಿಸಿ ೧೬೦ ಸೆಂಟಿಮೀಟರ್ ಮೀರಿದ ಪೆಟ್ಟಿಗೆಗೆ ಟೋಕಿಯೋ–ಒಸಾಕಾ ಮಾರ್ಗದಲ್ಲಿ ಮುಂಚಿತವಾಗಿ ಜಾಗವುಳ್ಳ ಆಸನವನ್ನೇ ಕಾದಿರಿಸಬೇಕು. ಕಾದಿರಿಸಲು ಬೇರೆ ಹಣವಿಲ್ಲ, ಕಾದಿರಿಸದಿದ್ದರೆ ೧,೦೦೦ ಯೆನ್. ಚಟ್ನಿಪುಡಿ, ಹಪ್ಪಳ, ಮಂಡಕ್ಕಿಯಿಂದ ತುಂಬಿದ ನಮ್ಮ ಪೆಟ್ಟಿಗೆಗಳು ಈ ಅಳತೆಯನ್ನು ಮೀರದಿರುವುದು ಅಪರೂಪ.

ಎಲ್ಲಕ್ಕಿಂತ ದುಬಾರಿಯಾಗಬಹುದಾದ ಪ್ರಮಾದವು ಲಂಡನ್ನಿಗೆ ಸಂಬಂಧಿಸಿದ್ದು. ೧೯೯೪ರ ನವೆಂಬರ್‌ನಿಂದ ಸಮುದ್ರದಡಿಯ ಸುರಂಗದಲ್ಲಿ ಓಡುತ್ತಿರುವ ಯೂರೋಸ್ಟಾರ್ ಪ್ಯಾರಿಸ್ಸಿನಿಂದ ಎರಡೂಕಾಲು ಗಂಟೆಯ ಆಸುಪಾಸಿನಲ್ಲಿ ಲಂಡನ್ ಮುಟ್ಟಿಸುತ್ತದೆ. ಇಷ್ಟು ಹತ್ತಿರವಿದೆಯಲ್ಲಾ ಎಂದು ಟಿಕೇಟು ಕೊಂಡರೆ, ನಿಲ್ದಾಣದಲ್ಲಿಯೇ ಪಾಸ್‌ಪೋರ್ಟಿನ ತಪಾಸಣೆ. ಜರ್ಮನಿ, ಫ್ರಾನ್ಸಿಗೆ ಸಲ್ಲುವ ಷೆಂಗೆನ್ ವೀಸಾ ಬ್ರಿಟನ್ನಿಗೆ ಸಲ್ಲದು. ಅದಕ್ಕೆ ಬೇರೆ ವೀಸಾ ಬೇಕು. ಬ್ರಿಟನ್ನಿನ ವೀಸಾ ಪಡೆದೇ ಹೋದವರಿಗೂ ಇನ್ನೊಂದು ಕುಣಿಕೆಯುಂಟು. ಷೆಂಗೆನ್ ವೀಸಾ ಒಂದೇ ಪ್ರವೇಶಕ್ಕೆ ಕೊಟ್ಟದ್ದಾದರೆ, ಲಂಡನ್ನಿನಿಂದ ಮರಳಿ ಮಗನ ಮನೆಗೆ ಬರಲು ದಾರಿಯಿಲ್ಲ. ಬಟ್ಟೆಬರೆ ಜರ್ಮನಿಯಲ್ಲಿ, ತಾವು ಇಂಗ್ಲೆಂಡಿನಲ್ಲಿ. ಅರ್ಜಿ ಹಾಕುವಾಗಲೇ ಅನೇಕ ಪ್ರವೇಶಗಳ ವೀಸಾ ಕೇಳಬೇಕು. ಬಂದ ವೀಸಾದಲ್ಲಿ ಏನು ಬರೆದಿದೆಯೆಂದು ಓದಿ ನೋಡಬೇಕು.

ಪರದೇಶದ ಅತಿಥಿಗಳೂ ನಮ್ಮ ಕಡೆಗೆ ಬರುತ್ತಾರೆ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು ೧೨೨೪ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯವನ್ನು ನೋಡಲು ಮಗನ ಜೊತೆ ಅವನ ಜರ್ಮನ್ ಸ್ನೇಹಿತನೂ ಹೊರಟರೆ, ಈ ಬಾರಿ ರಿಯಾಯಿತಿ ಅವನದು. ೨೦೨೪ರ ನವೆಂಬರ್ ೧ರಿಂದ ನಮ್ಮ ಮುಂಗಡ ಕಾದಿರಿಸುವಿಕೆಯ ಅವಧಿ ೧೨೦ ದಿನಗಳಿಂದ ೬೦ಕ್ಕೆ ಇಳಿದಾಗಲೂ ಪರದೇಶೀಯ ಪ್ರವಾಸಿಗಳ ೩೬೫ ದಿನಗಳ ಮಿತಿ ಹಾಗೆಯೇ ಉಳಿಯಿತು. ಆದುದರಿಂದ ಸ್ನೇಹಿತನು ಉತ್ಸಾಹದಿಂದ ವರ್ಷಕ್ಕೆ ಮುಂಚೆಯೇ ತನ್ನ ಸ್ಥಳವನ್ನು ಹಿಡಿದಿಟ್ಟುಕೊಂಡು, ಮಗನು ೬೦ ದಿನ ಮುಂಚೆ ತನ್ನದನ್ನು ಕೊಂಡರೆ, ಇಬ್ಬರೂ ಬೇರೆ ಬೇರೆ ಬೋಗಿಗಳಲ್ಲಿ ಕುಳಿತು ದಾವಣಗೆರೆಗೆ ಬರುವುದೇ ಹೆಚ್ಚು ಸಂಭವ.