ಕಪೆರ್ನೌಮ್: ನೆಲಹಾಸಿನ ಅಡಿಯ ನಾಣ್ಯಗಳು



ಹಳೆಯ ಕಟ್ಟಡವೊಂದನ್ನು ನೋಡಿದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವ ಮೊದಲ ಪ್ರಶ್ನೆ 'ಇದು ಎಷ್ಟು ಹಳೆಯದು?' ಎಂಬುದು. ಶಾಸನದಲ್ಲಿ ವರ್ಷವನ್ನು ಕೆತ್ತಿದ್ದರೆ ಉತ್ತರ ಸುಲಭ. ಕೆತ್ತಿರದಿದ್ದರೆ ಏನು ಮಾಡುವುದು? ಪಂಡಿತರು ಹೇಳಿದ್ದನ್ನು ನಂಬುವುದೇ? ಭಕ್ತರು ಹೇಳಿದ್ದನ್ನು ಒಪ್ಪುವುದೇ? ಇಲ್ಲವೇ ನೆಲವನ್ನೇ ಅಗೆದು ನೋಡುವುದೇ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಕಪೆರ್ನೌಮ್ ಎಂಬ ಪಾಳು ಊರಿಗಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ.

ಕಪೆರ್ನೌಮ್ ಇರುವುದು ಇಸ್ರೇಲಿನ ಉತ್ತರ ಭಾಗದಲ್ಲಿ, ಗಲಿಲಾಯ ಸರೋವರದ ವಾಯವ್ಯ ದಡದಲ್ಲಿ. ಕನ್ನಡ ಬೈಬಲಿನಲ್ಲಿ ಇದನ್ನು 'ಗಲಿಲಾಯ ಸಮುದ್ರ' ಎಂದೇ ಕರೆದಿದ್ದಾರೆ. ಆದರೆ ಇದು ಸಮುದ್ರವಲ್ಲ, ಸಿಹಿನೀರಿನ ಸರೋವರ. ಉದ್ದ ಸುಮಾರು 21 ಕಿ.ಮೀ., ಅಗಲ ಹೆಚ್ಚೆಂದರೆ 13 ಕಿ.ಮೀ. ಇದರ ನೀರಿನ ಮಟ್ಟ ಸಮುದ್ರ ಮಟ್ಟಕ್ಕಿಂತ ಸುಮಾರು 210 ಮೀಟರ್ ಕೆಳಗಿದೆ. ಭೂಮಿಯ ಮೇಲಿನ ಸಿಹಿನೀರಿನ ಸರೋವರಗಳಲ್ಲೆಲ್ಲ ಅತ್ಯಂತ ತಗ್ಗಿನಲ್ಲಿರುವುದು ಇದೇ.

ಹೀಬ್ರೂ ಭಾಷೆಯಲ್ಲಿ ಈ ಊರಿನ ಹೆಸರು 'ಕ್ಫಾರ್ ನಹೂಮ್'. ನಹೂಮನ ಹಳ್ಳಿ ಎಂದು ಅರ್ಥ. ಮೀನುಗಾರರ ಊರು ಇದು. ಏಸು ತನ್ನ ಬೋಧನೆಯ ಕಾಲದಲ್ಲಿ ಇಲ್ಲಿ ನೆಲೆಸಿದ್ದನೆಂದೂ, ಇಲ್ಲಿನ ಸಭಾಮಂದಿರದಲ್ಲಿ ಉಪದೇಶ ಮಾಡಿದನೆಂದೂ, ಶಿಷ್ಯ ಪೇತ್ರನ ಅತ್ತೆಯ ಜ್ವರವನ್ನು ವಾಸಿಮಾಡಿದನೆಂದೂ ಸುವಾರ್ತೆಗಳು ಹೇಳುತ್ತವೆ. ಹಾಗಾಗಿ ಕ್ರೈಸ್ತರಿಗೆ ಇದು ಯಾತ್ರಾಸ್ಥಳ. ಯೆಹೂದ್ಯರ ಪಾಲಿಗೆ, ಅವರ ಪ್ರಾಚೀನ ಸಭಾಮಂದಿರಗಳಲ್ಲಿ ಅತ್ಯಂತ ಸುಂದರವಾದ ಒಂದು ಉಳಿದಿರುವ ಜಾಗ.

ಕಪ್ಪು ಕಲ್ಲು, ಬಿಳಿ ಕಲ್ಲು

ಒಳಗೆ ಕಾಲಿಟ್ಟಕೂಡಲೇ ಕಣ್ಣಿಗೆ ಬೀಳುವುದು ಕಲ್ಲುಗಳ ಬಣ್ಣ. ಮನೆಗಳ ಗೋಡೆ, ಹೊಸ್ತಿಲು, ಬೀಸುವ ಕಲ್ಲು, ಎಣ್ಣೆ ಗಾಣ ಎಲ್ಲವೂ ಕಪ್ಪು. ಅದು ಬಸಾಲ್ಟ್, ಅಂದರೆ ಲಾವಾ ರಸ ಗಟ್ಟಿಯಾಗಿ ಆದ ಶಿಲೆ. ಈ ಪ್ರದೇಶದಲ್ಲಿ ಅದು ಬೇಕಾದಷ್ಟು ಸಿಗುತ್ತದೆ. ಮನೆಗಳ ಗೋಡೆಗಳನ್ನು ಒರಟು ಕಲ್ಲುಗಳಿಂದ ಕಟ್ಟಿದ್ದರು. ಅವು ಭಾರವಾದ ಚಾವಣಿಯನ್ನು ಹೊರಲಾರವು. ಆದ್ದರಿಂದ ಮರದ ತೊಲೆಗಳ ಮೇಲೆ ಜೊಂಡು ಹರಡಿ, ಮೇಲೆ ಮಣ್ಣು ಮೆತ್ತುತ್ತಿದ್ದರೆಂದು ತಜ್ಞರ ಅಭಿಪ್ರಾಯ. ನಮ್ಮ ಬಯಲುಸೀಮೆಯ ಮಾಳಿಗೆ ಮನೆಗಳನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಪಾರ್ಶ್ವವಾಯು ರೋಗಿಯೊಬ್ಬನನ್ನು ಚಾವಣಿ ತೆಗೆದು ಏಸುವಿನ ಮುಂದೆ ಇಳಿಸಿದ ಕಥೆ ಮಾರ್ಕನ ಸುವಾರ್ತೆಯಲ್ಲಿದೆ. ಇಂಥ ಚಾವಣಿಯನ್ನು ಕೈಯಿಂದಲೇ ಬಿಡಿಸಬಹುದು.

ಈ ಕಪ್ಪು ಊರಿನ ನಡುವೆ ಒಂದೇ ಒಂದು ಬಿಳಿ ಕಟ್ಟಡ ಎದ್ದು ಕಾಣುತ್ತದೆ. ಅದೇ ಸಭಾಮಂದಿರ, ಅಂದರೆ ಯೆಹೂದ್ಯರ ಸಿನಗಾಗ್. ಬೇರೆಡೆಯಿಂದ ತಂದ ಸುಣ್ಣಕಲ್ಲಿನಿಂದ ಅದನ್ನು ಕಟ್ಟಿದ್ದಾರೆ.  ಮುಖ್ಯದ್ವಾರಗಳು ದಕ್ಷಿಣಕ್ಕೆ, ಜೆರುಸಲೇಮಿನ ದಿಕ್ಕಿಗೆ ಮುಖಮಾಡಿವೆ. ಬಿದ್ದಿರುವ ಕಲ್ಲುಗಳ ಮೇಲೆ ದ್ರಾಕ್ಷಿ ಗೊಂಚಲು, ನಕ್ಷತ್ರ, ಏಳು ಕವಲಿನ ದೀಪಸ್ತಂಭ, ಚಕ್ರಗಳುಳ್ಳ ಪುಟ್ಟ ಗುಡಿಯಂಥ ರಥ ಮೊದಲಾದ ಕೆತ್ತನೆಗಳನ್ನು ನೋಡಬಹುದು. ಕಂಬಗಳನ್ನು ಮಾಡಿಸಿಕೊಟ್ಟ ದಾನಿಗಳ ಹೆಸರುಗಳು ಗ್ರೀಕ್ ಮತ್ತು ಅರಾಮಿಕ್ ಭಾಷೆಗಳಲ್ಲಿವೆ. ವರ್ಷ ಮಾತ್ರ ಎಲ್ಲಿಯೂ ಇಲ್ಲ.

ಪಂಡಿತರ ಲೆಕ್ಕ ತಪ್ಪಿಸಿದ ನಾಣ್ಯಗಳು

ಅಮೆರಿಕದ ವಿದ್ವಾಂಸ ಎಡ್ವರ್ಡ್ ರಾಬಿನ್ಸನ್ 1838ರಲ್ಲಿ ಇಲ್ಲಿಗೆ ಬಂದಾಗ ಈ ಅವಶೇಷ ಒಂದು ಸಭಾಮಂದಿರವೆಂದು ಗುರುತಿಸಿದರು. 1894ರಲ್ಲಿ ಫ್ರಾನ್ಸಿಸ್ಕನ್ ಸಂನ್ಯಾಸಿಗಳು ಈ ಜಾಗವನ್ನು ಕೊಂಡರು. 1905ರಲ್ಲಿ ಜರ್ಮನಿಯ ಕೋಲ್ ಮತ್ತು ವಾಟ್ಸಿಂಗರ್ ಉತ್ಖನನ ನಡೆಸಿದರು. ಕಟ್ಟಡದ ಶೈಲಿಯನ್ನು ನೋಡಿ ಇದು ಕ್ರಿ.ಶ. ಎರಡು ಅಥವಾ ಮೂರನೇ ಶತಮಾನದ್ದಿರಬೇಕೆಂದು ಅನೇಕರು ಭಾವಿಸಿದ್ದರು. ಇತಿಹಾಸವೂ ಅದಕ್ಕೆ ಒಪ್ಪುವಂತೆಯೇ ಇತ್ತು. ಏಕೆಂದರೆ ನಾಲ್ಕನೇ ಶತಮಾನದಿಂದ ರೋಮನ್ ಸಾಮ್ರಾಜ್ಯ ಕ್ರೈಸ್ತ ಧರ್ಮದತ್ತ ವಾಲಿತು. ಕ್ರಿ.ಶ. 438ರಲ್ಲಿ ಚಕ್ರವರ್ತಿ ಎರಡನೇ ಥಿಯೊಡೋಷಿಯಸ್ ಹೊಸ ಸಭಾಮಂದಿರಗಳನ್ನು ಕಟ್ಟಬಾರದೆಂಬ ಕಾನೂನನ್ನೂ ಹೊರಡಿಸಿದ. ಅಂಥ ಕಾಲದಲ್ಲಿ ಯೆಹೂದ್ಯರು ಇಷ್ಟು ಭವ್ಯವಾದ ಮಂದಿರವನ್ನು ಹೇಗೆ ಕಟ್ಟಿಯಾರು?

1968ರಿಂದ ವಿರ್ಜಿಲಿಯೊ ಕೋರ್ಬೊ ಮತ್ತು ಸ್ಟಾನಿಸ್ಲಾವೊ ಲೊಫ್ರೆಡಾ ಎಂಬ ಇಬ್ಬರು ಫ್ರಾನ್ಸಿಸ್ಕನ್ ಪುರಾತತ್ತ್ವಜ್ಞರು ಮತ್ತೆ ಅಗೆತ ಆರಂಭಿಸಿದರು. ನೆಲಹಾಸಿನ ಅಡಿಯಲ್ಲಿ ಅವರಿಗೆ ಒಂದಲ್ಲ ಎರಡಲ್ಲ, ಸಾವಿರಾರು ಸಣ್ಣ ಕಂಚಿನ ನಾಣ್ಯಗಳು ಸಿಕ್ಕವು. ಅವುಗಳಲ್ಲಿ ಹೆಚ್ಚಿನವು ನಾಲ್ಕನೇ ಶತಮಾನದ ಕೊನೆಯವು, ಕೆಲವು ಐದನೇ ಶತಮಾನದವು.

ಇಲ್ಲಿ ತರ್ಕವನ್ನು ಗಮನಿಸಿ. ನಿಮ್ಮ ಮನೆಯ ನೆಲದ ಕಲ್ಲನ್ನು ಎಬ್ಬಿಸಿದಾಗ, ಗಾರೆಯ ಅಡಿಯಲ್ಲಿ 1985ರ ಒಂದು ನಾಣ್ಯ ಸಿಕ್ಕಿತೆನ್ನಿ. ಆ ನೆಲವನ್ನು 1985ಕ್ಕಿಂತ ಮೊದಲು ಹಾಕಿರಲು ಸಾಧ್ಯವೇ? ಇಲ್ಲ. 1985ರಲ್ಲೋ, ಆಮೇಲೆ ಎಂದಾದರೂ ಹಾಕಿರಬೇಕು. ನಾಣ್ಯ ಕಟ್ಟಡದ ವಯಸ್ಸನ್ನು ನೇರವಾಗಿ ಹೇಳುವುದಿಲ್ಲ. 'ಇದಕ್ಕಿಂತ ಹಳೆಯದಲ್ಲ' ಎಂಬ ಮಿತಿಯನ್ನು ಮಾತ್ರ ಹಾಕುತ್ತದೆ. ಈ ತರ್ಕದಂತೆ ಬಿಳಿ ಸಭಾಮಂದಿರ ನಾಲ್ಕನೇ ಶತಮಾನದ ಕೊನೆಗಿಂತ ಹಿಂದಿನದಾಗಲಾರದು.

ಎಲ್ಲರೂ ಕೂಡಲೇ ಒಪ್ಪಲಿಲ್ಲ. 'ಗೋಡೆ ಹಳೆಯದು, ನೆಲವನ್ನು ಮಾತ್ರ ಮುಂದೆ ಹೊಸದಾಗಿ ಹಾಕಿರಬಹುದಲ್ಲ?' ಎಂದು ಕೆಲವರು ಕೇಳಿದರು. ಇದು ನ್ಯಾಯವಾದ ಪ್ರಶ್ನೆಯೇ. ಇನ್ನೊಂದು ಕಡೆ, ಕಟ್ಟಡವನ್ನು ಆರನೇ ಶತಮಾನಕ್ಕೆ ತಳ್ಳುವವರೂ ಇದ್ದಾರೆ. ಆದರೂ ಇಂದು ಬಹುಪಾಲು ವಿದ್ವಾಂಸರು ನಾಲ್ಕನೇ ಶತಮಾನದ ಅಂತ್ಯದ ನಂತರದ ಕಾಲವನ್ನೇ ಒಪ್ಪುತ್ತಾರೆ. ಹಾಗಾದರೆ ಏಸು ಉಪದೇಶ ಮಾಡಿದ ಮಂದಿರ ಇದಲ್ಲ. ಬಿಳಿ ಗೋಡೆಯ ಬುಡದಲ್ಲಿ ಕಪ್ಪು ಕಲ್ಲಿನ ಇನ್ನೊಂದು ಗೋಡೆ ಕಾಣುತ್ತದೆ. ಅದು ಮೊದಲನೇ ಶತಮಾನದ ಮಂದಿರದ್ದೆಂದು ಕೋರ್ಬೊ ವಾದಿಸಿದರು. ಬಿಳಿ ಕಟ್ಟಡದ ತಳಪಾಯವಷ್ಟೇ ಎನ್ನುವವರೂ ಇದ್ದಾರೆ.

ಪೇತ್ರನ ಮನೆಯೇ?

ಸಭಾಮಂದಿರದಿಂದ ದಕ್ಷಿಣಕ್ಕೆ, ಕೆರೆಯ ಕಡೆಗೆ ಸುಮಾರು 30 ಮೀಟರ್ ನಡೆದರೆ ಅಷ್ಟಕೋನಾಕಾರದ ಒಂದು ಚರ್ಚಿನ ಅವಶೇಷ ಸಿಗುತ್ತದೆ. ಅದು ಐದನೇ ಶತಮಾನದ್ದು. ಅದರ ಮೊಸಾಯಿಕ್ ನೆಲದಲ್ಲಿ ಗರಿ ಬಿಚ್ಚಿದ ನವಿಲಿನ ಚಿತ್ರವಿದೆ. ಈ ಚರ್ಚಿನ ಅಡಿಯಲ್ಲಿ ನಾಲ್ಕನೇ ಶತಮಾನದ ಪ್ರಾರ್ಥನಾಗೃಹ, ಅದರ ಅಡಿಯಲ್ಲಿ ಏಸುವಿನ ಕಾಲಕ್ಕಿಂತ ತುಸು ಮೊದಲೇ ಕಟ್ಟಿದ ಸಾಧಾರಣ ಮನೆ ಇವೆ. ಆ ಮನೆಯ ಒಂದು ಕೋಣೆಗೆ ಮಾತ್ರ ಮತ್ತೆ ಮತ್ತೆ ಸುಣ್ಣದ ಗಾರೆ ಬಳಿದಿದ್ದಾರೆ. ಗಾರೆಯ ಮೇಲೆ ಭಕ್ತರು ಗೀಚಿದ ಗ್ರೀಕ್, ಸಿರಿಯಾಕ್ ಮುಂತಾದ ಬರಹಗಳ ತುಣುಕುಗಳಿವೆ. ನಾಲ್ಕನೇ ಶತಮಾನದ ಕೊನೆಯಲ್ಲಿ ಯಾತ್ರೆ ಬಂದ ಎಜೀರಿಯಾ ಎಂಬ ಮಹಿಳೆಯದೆಂದು ತಿಳಿಯಲಾದ ವಿವರಣೆಯಲ್ಲಿ, ಪೇತ್ರನ ಮನೆಯನ್ನು ಚರ್ಚಾಗಿ ಮಾಡಿದ್ದಾರೆ, ಅದರ ಗೋಡೆಗಳು ಇನ್ನೂ ಹಾಗೆಯೇ ನಿಂತಿವೆ ಎಂಬ ಮಾತಿದೆ.

ಇದರಿಂದ ಏನು ಸಿದ್ಧವಾಗುತ್ತದೆ? ನಾಲ್ಕನೇ ಶತಮಾನದ ಕ್ರೈಸ್ತರು ಇದೇ ಕೋಣೆಯನ್ನು ಪೇತ್ರನದೆಂದು ಗೌರವಿಸುತ್ತಿದ್ದರು ಎಂಬುದು ಸಿದ್ಧವಾಗುತ್ತದೆ. ಪೇತ್ರ ಇಲ್ಲಿ ವಾಸವಿದ್ದ ಎಂಬುದು ಸಂಭವ; ಆದರೆ ಸಿದ್ಧವಾದದ್ದಲ್ಲ. ನೆಲದಲ್ಲಿ ಮೀನು ಗಾಳಗಳು ಸಿಕ್ಕಿವೆ, ನಿಜ. ಮೀನುಗಾರರ ಊರಿನಲ್ಲಿ ಯಾರ ಮನೆಯಲ್ಲಿ ಗಾಳ ಇರುವುದಿಲ್ಲ?

ಅದೇ ದಡದ ಗಿನೊಸಾರ್ ಎಂಬಲ್ಲಿಯೂ ಇದೇ ಮಾತು ಅನ್ವಯಿಸುತ್ತದೆ. 1986ರಲ್ಲಿ ಬರಗಾಲದಿಂದ ನೀರು ಇಳಿದಾಗ ಅಲ್ಲಿನ ಕೆಸರಿನಲ್ಲಿ ಸುಮಾರು 8 ಮೀಟರ್ ಉದ್ದದ ಮರದ ದೋಣಿಯೊಂದು ಸಿಕ್ಕಿತು. ಮರವನ್ನು ಕಾರ್ಬನ್-14 ವಿಧಾನದಿಂದ ಪರೀಕ್ಷಿಸಿದಾಗ ಅದು ಏಸುವಿನ ಕಾಲದ ಆಸುಪಾಸಿನದೆಂದು ತಿಳಿಯಿತು. ಅದರಲ್ಲಿ ಕುಳಿತವರು ಯಾರೆಂದು ಹೇಳಲು ಕಾರ್ಬನ್-14ಕ್ಕೆ ಸಾಧ್ಯವಿಲ್ಲ.

ನೀವು ಹೋದಾಗ

ಪಶ್ಚಿಮ ಭಾಗದ ಈ ಆವರಣ ಇಂದಿಗೂ ಫ್ರಾನ್ಸಿಸ್ಕನ್ನರ ವಶದಲ್ಲಿದೆ. ಭುಜ, ಮೊಣಕಾಲು ಮುಚ್ಚುವ ಉಡುಪು ಧರಿಸಿ. ಅಷ್ಟಕೋನದ ಮೇಲೆ ಕಂಬಗಳ ಆಧಾರದಲ್ಲಿ ನಿಂತಿರುವ, 1990ರಲ್ಲಿ ಪ್ರತಿಷ್ಠಾಪನೆಯಾದ ಹೊಸ ಚರ್ಚಿನೊಳಗೆ ಹೋಗಿ. ನೆಲದ ಗಾಜಿನ ಮೂಲಕ ಹಳೆಯ ಮನೆ ಕೆಳಗೆ ಕಾಣುತ್ತದೆ. ಅಲ್ಲಿ ಜನ ಪ್ರಾರ್ಥಿಸುತ್ತಿರುತ್ತಾರೆ, ಮೆಲ್ಲಗೆ ಮಾತಾಡಿ. 2023ರ ಅಕ್ಟೋಬರಿನಲ್ಲಿ ಯುದ್ಧ ಆರಂಭವಾದ ಬಳಿಕ ಇಸ್ರೇಲಿಗೆ ಬರುವ ಯಾತ್ರಿಕರ ಸಂಖ್ಯೆ ತೀರಾ ಇಳಿಯಿತು. ಹೊರಡುವ ಮೊದಲು ಸರ್ಕಾರದ ಪ್ರಯಾಣ ಸೂಚನೆಗಳನ್ನು ವಿಚಾರಿಸಿಕೊಳ್ಳುವುದು ಅಗತ್ಯ.

ಅನಂತರ ಸಭಾಮಂದಿರದ ಮೆಟ್ಟಿಲ ಬಳಿ ನಿಂತು ಚರ್ಚಿನ ಕಡೆ ನೋಡಿ. ಆ 30 ಮೀಟರ್ ಅಂತರವನ್ನು ಕಣ್ಣಿನಲ್ಲೇ ಅಳೆಯಿರಿ. ನಾಣ್ಯಗಳ ಮಾತು ಸರಿಯಾಗಿದ್ದರೆ, ಕಾನೂನು ಬೇಡವೆಂದ ಕಾಲದಲ್ಲೂ ಯೆಹೂದ್ಯರು ದೂರದಿಂದ ಬಿಳಿ ಕಲ್ಲು ತರಿಸಿ ಇಲ್ಲಿ ಮಂದಿರ ಕಟ್ಟಿದರು, ಇಲ್ಲವೇ ಕಟ್ಟಿದ್ದನ್ನು ಉಳಿಸಿಕೊಂಡರು. ಕ್ರೈಸ್ತರು ಅದರ ಎದುರಿನ ಬೀದಿಯಲ್ಲೇ ನವಿಲಿನ ನೆಲಹಾಸು ಹಾಸಿದರು. ಒಂದು ಮಂದಿರದ ದನಿ ಇನ್ನೊಂದಕ್ಕೆ ಕೇಳುವಷ್ಟು ಹತ್ತಿರದಲ್ಲಿ ಎರಡೂ ಸಮುದಾಯಗಳು ಬಾಳಿದವು. ಇದು ರಾಜಾಜ್ಞೆಯ ಪುಟಗಳಲ್ಲಿ ಬರೆದಿರಲಿಲ್ಲ. ನೆಲದ ಕಲ್ಲನ್ನು ಎಬ್ಬಿಸಿ ನೋಡಿದವರಿಗೆ ತಿಳಿಯಿತು.