ತಲೆಕೆಳಗಾದ ಬೆಟ್ಟ

ಬೆಟ್ಟ ಹತ್ತುವವರಿಗೆ ಪ್ರಕೃತಿ ಒಂದು ಉಪಕಾರ ಮಾಡಿದೆ: ಕಷ್ಟದ ಭಾಗವನ್ನು ಮೊದಲೇ ಮುಂದಿಟ್ಟಿದೆ. ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನಾಗಲಿ, ಕುಮಾರಪರ್ವತದ ಏರನ್ನಾಗಲಿ ಕಂಡವರು ಇದನ್ನು ಬಲ್ಲರು. ಏದುಸಿರು ಬಂದಾಗ, ಮೊಣಕಾಲು ನಡುಗಿದಾಗ, ‘ಇಷ್ಟು ಸಾಕು’ ಎಂದು ಬಂಡೆಯ ಮೇಲೆ ಕುಳಿತು ಹಿಂದಿರುಗಬಹುದು. ಇಳಿಜಾರು ಹೇಗೋ ಮನೆ ಮುಟ್ಟಿಸುತ್ತದೆ. ಅಮೆರಿಕದ ಆರಿಜೋನ ರಾಜ್ಯದ ಗ್ರ್ಯಾಂಡ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನದಲ್ಲಿ ಈ ಕ್ರಮವೆಲ್ಲ ತಿರುವುಮುರುವು. ಅಲ್ಲಿ ಯಾತ್ರಿಕನು ಶಿಖರದಿಂದ ಹೊರಡುತ್ತಾನೆ. ಬೆಳಗಿನ ತಂಪಿನಲ್ಲಿ, ತುಂಬಿದ ಹುರುಪಿನಲ್ಲಿ, ಹಾಡು ಗುನುಗುತ್ತ ಇಳಿಯುತ್ತಾನೆ. ಏರಬೇಕಾದುದು ಆಮೇಲೆ: ದಣಿದ ಕಾಲುಗಳಿಂದ, ಸುಡುವ ಬಿಸಿಲಿನಲ್ಲಿ, ಅರ್ಧ ಬರಿದಾದ ನೀರಿನ ಸೀಸೆಯೊಡನೆ.

ಇಂದು ನಮ್ಮ ಊರುಗಳ ಎಷ್ಟೋ ಮನೆಗಳಲ್ಲಿ ಮಗನೋ ಮಗಳೋ ಅಮೆರಿಕದಲ್ಲಿದ್ದಾರೆ. ಅವರನ್ನು ನೋಡಲು ಹೋದ ತಂದೆ ತಾಯಿಯರ ಪ್ರವಾಸದ ಪಟ್ಟಿಯಲ್ಲಿ ಈ ಮಹಾಕಂದರವೂ ಸಾಮಾನ್ಯವಾಗಿ ಸೇರಿರುತ್ತದೆ. ೨೦೨೪ರಲ್ಲಿ ಸುಮಾರು ೪೯ ಲಕ್ಷ ಜನ ಇದನ್ನು ಸಂದರ್ಶಿಸಿದರು. ಬಹುಮಂದಿ ದಕ್ಷಿಣದ ಅಂಚಿನ ಕಟಾಂಜನ ಹಿಡಿದು ನಿಂತು, ನಿಟ್ಟುಸಿರಿಟ್ಟು, ಚಿತ್ರ ತೆಗೆಸಿಕೊಂಡು ಮರಳುತ್ತಾರೆ. ಅದನ್ನು ಹಳಿಯುವಂತಿಲ್ಲ, ಆ ನೋಟವೇ ಜನ್ಮಕ್ಕೆ ಸಾಕು. ಆದರೆ ಅಂಚಿನಿಂದ ಒಳಕ್ಕೆ ಜಾರಿಹೋಗುವ ಸಣ್ಣ ಕಾಲುದಾರಿಗಳನ್ನು ಕಂಡು, ‘ಒಂದಿಷ್ಟು ದೂರ ಇಳಿದು ಬರೋಣವೇ?’ ಎಂದು ಯಾರಿಗೆ ತಾನೇ ಅನ್ನಿಸದು?

ಕೊಲರಾಡೊ ನದಿ ಐದಾರು ದಶಲಕ್ಷ ವರ್ಷಗಳಿಂದ ಕೊರೆದ ಈ ಕಂದರ ನದಿಯ ದಾರಿಯಲ್ಲಿ ೨೭೭ ಮೈಲಿ ಉದ್ದವಿದೆ. ಕೆಲವೆಡೆ ೧೮ ಮೈಲಿ ಅಗಲ, ಸುಮಾರು ಒಂದು ಮೈಲಿ ಆಳ. ಇಳಿಯುವವನು ಹೆಜ್ಜೆಹೆಜ್ಜೆಗೂ ಕಾಲದಲ್ಲಿಯೂ ಹಿಂದಕ್ಕೆ ಹೋಗುತ್ತಾನೆ. ಅಂಚಿನ ಸುಣ್ಣಕಲ್ಲಿಗೆ ಸುಮಾರು ೨೭ ಕೋಟಿ ವರ್ಷ ವಯಸ್ಸು. ತಳದ ಕಪ್ಪು ಶಿಲೆಗೆ ೧೭೦ ಕೋಟಿ ವರ್ಷಕ್ಕೂ ಮಿಕ್ಕು. ಆ ಕಪ್ಪು ಶಿಲೆಯ ಹೆಸರನ್ನು ಕೇಳಿದರೆ ನಮ್ಮವರು ಬೆರಗಾದಾರು: ‘ವಿಷ್ಣು ಶಿಸ್ಟ್’! ೧೮೮೦ರ ಸುಮಾರಿಗೆ ಇಲ್ಲಿಯ ಭೂರಚನೆಯನ್ನು ಶೋಧಿಸಿದ ಕ್ಲಾರೆನ್ಸ್ ಡಟ್ಟನ್ ಎಂಬ ಸೇನಾಧಿಕಾರಿಗೆ ಈ ಕಲ್ಲಿನ ಗೋಪುರಗಳು ಪೂರ್ವದೇಶಗಳ ದೇವಾಲಯಗಳಂತೆ ಕಂಡವು. ವಿಷ್ಣು, ಶಿವ ಇವರ ಹೆಸರುಗಳನ್ನು ಆತನು ಶಿಖರಗಳಿಗಿಟ್ಟ. ಬ್ರಹ್ಮನೂ ಬುದ್ಧನೂ ಅನಂತರ ಬಂದು ಸೇರಿದರು. ೧೯೩೭ರಲ್ಲಿ ನ್ಯೂಯಾರ್ಕಿನ ಪ್ರಾಣಿಶಾಸ್ತ್ರಜ್ಞರು ಶಿವನ ಶಿಖರವನ್ನೇರಿದರು. ಹೊರಜಗತ್ತಿನಿಂದ ಬೇರ್ಪಟ್ಟ ವಿಚಿತ್ರ ಪ್ರಾಣಿಗಳು ಅಲ್ಲಿ ಸಿಕ್ಕಾವು ಎಂಬ ಆಸೆ ಅವರದು. ಅಂಥದೇನೂ ಸಿಕ್ಕಲಿಲ್ಲ. ಯಾರೋ ಮೊದಲೇ ಬಂದು ಎಸೆದುಹೋಗಿದ್ದ ಕೊಡ್ಯಾಕ್ ಫಿಲ್ಮಿನ ಖಾಲಿ ಡಬ್ಬಿ ಮಾತ್ರ ಸಿಕ್ಕಿತು.

ಸುಂಕದ ಕಟ್ಟೆ

ದಕ್ಷಿಣದ ಅಂಚಿನಿಂದ ನದಿಗೆ ಮುಖ್ಯವಾದ ದಾರಿಗಳು ಎರಡು. ಮೊದಲನೆಯದು ಬ್ರೈಟ್ ಏಂಜೆಲ್. ಭೂಮಿಯ ಪದರಗಳು ಬಿರಿದು ಸರಿದುಹೋದ ಕಡೆಯಲ್ಲಿ ಬಂಡೆಗೋಡೆ ಒಡೆದು ದಾರಿ ಕೊಟ್ಟಿದೆ. ಆ ಸಂದಿನಲ್ಲಿ ಹವಸುಪಾಯಿ ಎಂಬ ಮೂಲನಿವಾಸಿಗಳು ಬಹು ಹಿಂದಿನಿಂದ ಇಳಿಯುತ್ತಿದ್ದರು. ‘ನೀಲಿ ಹಸುರು ನೀರಿನ ಜನ’ ಎಂಬುದು ಆ ಹೆಸರಿನ ಅರ್ಥ. ಅಂಚಿನಿಂದ ನಾಲ್ಕೂವರೆ ಮೈಲಿ ಕೆಳಗೆ, ಚಿಲುಮೆಯ ನೀರಿರುವ ಒಂದು ತಗ್ಗಿನಲ್ಲಿ ಅವರ ತೋಟಗಳಿದ್ದವು.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಗಣಿ ಹುಡುಕಲು ಬಂದವರು ಈ ದಾರಿಯನ್ನು ಅಗಲಮಾಡಿದರು. ಅವರಲ್ಲೊಬ್ಬ ರಾಲ್ಫ್ ಕ್ಯಾಮರನ್. ಕಂದರದಲ್ಲಿ ಅದಿರಿಗಿಂತ ಪ್ರವಾಸಿಗನ ಕಿಸೆಯೇ ಲಾಭದ ಗಣಿ ಎಂದು ಈ ಜಾಣನಿಗೆ ಹೊಳೆಯಿತು. ಗಣಿಯ ಹಕ್ಕಿನ ನೆಪದಲ್ಲಿ ದಾರಿಯನ್ನು ಹಿಡಿದುಕೊಂಡು, ಹೇಸರಗತ್ತೆಯ ಮೇಲೆ ಇಳಿಯುವ ಪ್ರತಿಯೊಬ್ಬನಿಂದಲೂ ಒಂದು ಡಾಲರ್ ಸುಂಕ ವಸೂಲುಮಾಡಿದ. ೧೯೧೯ರಲ್ಲಿ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಯಿತು. ೧೯೨೦ರಲ್ಲಿ ಸರ್ವೋಚ್ಚ ನ್ಯಾಯಾಲಯ ಆತನ ಗಣಿಹಕ್ಕನ್ನು ತಳ್ಳಿಹಾಕಿತು. ಆದರೆ ಅದಾದ ಮೇಲೆ ಆತ ಸೆನೆಟಿನ ಸದಸ್ಯನೇ ಆಗಿಬಿಟ್ಟ! ರೋಸಿಹೋದ ಉದ್ಯಾನದವರು ೧೯೨೪–೨೫ರಲ್ಲಿ ತಮ್ಮದೇ ಇನ್ನೊಂದು ದಾರಿ ಕಡಿದರು. ಇಂದಿನ ಸೌತ್ ಕೈಬಾಬ್ ದಾರಿ ಹೀಗೆ ಹುಟ್ಟಿತು. ಬ್ರೈಟ್ ಏಂಜೆಲ್ ದಾರಿ ಉದ್ಯಾನದ ಕೈಗೆ ಬಂದದ್ದು ೧೯೨೮ರಲ್ಲಿ.

ಆ ೧೯೨೮ನೆಯ ವರ್ಷವನ್ನು ಸ್ವಲ್ಪ ನಿಂತು ನೋಡಬೇಕು. ಸೌತ್ ಕೈಬಾಬ್ ದಾರಿಯ ಕೊನೆಯಲ್ಲಿ ನದಿಗೆ ತೂಗುಸೇತುವೆ ಕಟ್ಟಿದ ವರ್ಷ ಅದು. ಸೇತುವೆಯ ಒಂದೊಂದು ಮುಖ್ಯ ಉಕ್ಕಿನ ಹಗ್ಗವೂ ೫೫೦ ಅಡಿ ಉದ್ದ, ತೂಕ ಎರಡು ಸಾವಿರ ಪೌಂಡಿಗೂ ಮಿಗಿಲು. ಕಡಿದಾದ ತಿರುವುಗಳಲ್ಲಿ ಇಂಥ ಹೊರೆಯನ್ನು ಹೇಸರಗತ್ತೆಗಳು ಹೊರಲಾರವು. ನಲವತ್ತೆರಡು ಮಂದಿ ಸಾಲಾಗಿ ನಿಂತು ಹಗ್ಗವನ್ನು ಹೆಗಲಿಗೇರಿಸಿಕೊಂಡು, ಉದ್ದನೆಯ ಜರಿಹುಳುವಿನಂತೆ ಬಳುಕುತ್ತ ನದಿಯವರೆಗೆ ಇಳಿಸಿದರು. ಒಂದರ ಬಳಿಕ ಒಂದರಂತೆ ಎಂಟು ಹಗ್ಗಗಳು. ಹೊತ್ತವರಲ್ಲಿ ಬಹುಮಂದಿ ಹವಸುಪಾಯಿಗಳು. ಅದೇ ವರ್ಷ ಅವರ ಹಳೆಯ ತೋಟದಿಂದ ಕೊನೆಯ ಹವಸುಪಾಯಿ ನಿವಾಸಿಯನ್ನು ಹೊರಡಿಸಲಾಯಿತು. ‘ಇಂಡಿಯನ್ ಗಾರ್ಡನ್’ ಎಂಬ ಹೆಸರು ಮಾತ್ರ ಅಲ್ಲಿ ಉಳಿಯಿತು. ಆ ಇಂಡಿಯನ್ನರು ಉಳಿಯಲಿಲ್ಲ. ೧೯೭೫ರ ಕಾನೂನಿನಂತೆ ಮೇಲಿನ ಪ್ರದೇಶದ ಸುಮಾರು ೧,೮೫,೦೦೦ ಎಕರೆ ಆ ಜನಕ್ಕೆ ಮರಳಿತು. ತೋಟದ ಜಾಗ ‘ಹವಸುಪಾಯಿ ಗಾರ್ಡನ್ಸ್’ ಎಂದು ಹೆಸರು ಪಡೆದದ್ದು ೨೦೨೨ರಲ್ಲಿ. ಇಂದು ಅಲ್ಲಿಯ ಮರಗಳ ನೆರಳಿನಲ್ಲಿ ಬೂಟು ಬಿಚ್ಚಿ ವಿಶ್ರಮಿಸುವವರು ಈ ಕಥೆಯನ್ನು ತಿಳಿದು ಕುಳಿತರೆ ಒಳ್ಳೆಯದು.

ನೀರೂ ಉಪ್ಪೂ

ದಾರಿ ಬಲ್ಲವರು ಸೌತ್ ಕೈಬಾಬಿನಲ್ಲಿ ಇಳಿದು ಬ್ರೈಟ್ ಏಂಜೆಲಿನಲ್ಲಿ ಏರುತ್ತಾರೆ. ಮೊದಲನೆಯದು ಏಣುಗಳ ಮೇಲೆ ಸಾಗುವುದರಿಂದ ನೋಟ ಅದ್ಭುತ. ಆದರೆ ತಳದ ಬಿಡಾರದವರೆಗಿನ ಏಳು ಮೈಲಿಯಲ್ಲಿ ಹನಿ ನೀರಿಲ್ಲ, ನೆರಳೂ ಇಲ್ಲವೆನ್ನಬಹುದು. ಎರಡನೆಯದು ಒಂಬತ್ತೂವರೆ ಮೈಲಿ. ದೂರ ಹೆಚ್ಚಾದರೂ ನಡುವೆ ತಂಗುಮನೆಗಳಿವೆ, ನೀರಿನ ನಲ್ಲಿಗಳಿವೆ. ನಲ್ಲಿಗಳನ್ನು ನೆಚ್ಚುವಾಗಲೂ ಎಚ್ಚರ ಬೇಕು. ಉತ್ತರದ ಗೋಡೆಯ ಒಂದು ಚಿಲುಮೆಯಿಂದ ಕಂದರವನ್ನು ದಾಟಿ ಬರುವ ಹಳೆಯ ಕೊಳವೆ ೨೦೧೦ರಿಂದೀಚೆಗೆ ೮೫ಕ್ಕೂ ಹೆಚ್ಚು ಸಲ ಒಡೆದಿದೆ. ಯಾವ ನಲ್ಲಿಯಲ್ಲಿ ನೀರಿದೆಯೆಂದು ಹೊರಡುವ ಮುನ್ನ ವಿಚಾರಿಸಿಕೊಳ್ಳದೆ ಹೆಜ್ಜೆಯಿಡಬಾರದು.

ಮರುಭೂಮಿಯ ಕಂದರದಲ್ಲಿ ಕೆಳಗಿಳಿದಂತೆಲ್ಲ ಸೆಕೆ ಏರುತ್ತದೆ. ಜುಲೈ ತಿಂಗಳ ಹಗಲಿನಲ್ಲಿ ದಕ್ಷಿಣದ ಅಂಚಿನಲ್ಲಿ ೨೯ ಡಿಗ್ರಿ ಸೆಂಟಿಗ್ರೇಡ್ ಇರುವಾಗ ನದಿಯ ಬಳಿ ನೆರಳಿನಲ್ಲೇ ೪೧ ಡಿಗ್ರಿ. ಗಾಳಿ ಎಷ್ಟು ಒಣಗಿರುತ್ತದೆಂದರೆ ಬೆವರು ಮೈಮೇಲೆ ನಿಲ್ಲದೆ ಆರಿಹೋಗುತ್ತದೆ. ಅಂಗಿ ಒದ್ದೆಯಾಗದ ಕಾರಣ ತಾನು ಬೆವರುತ್ತಿಲ್ಲವೆಂದೇ ಮನುಷ್ಯ ನಂಬುತ್ತಾನೆ. ಪ್ರತಿವರ್ಷ ೨೫೦ಕ್ಕೂ ಹೆಚ್ಚು ಜನರನ್ನು ಕಂದರದೊಳಗಿಂದ ರಕ್ಷಿಸಬೇಕಾಗುತ್ತದೆಂದು ಉದ್ಯಾನದ ಫಲಕಗಳೇ ಸಾರುತ್ತವೆ. ಇವರೆಲ್ಲ ವೃದ್ಧರೋ ರೋಗಿಗಳೋ ಎಂದುಕೊಳ್ಳಬೇಡಿ. ತಮ್ಮ ದೇಹಬಲದಲ್ಲಿ ಅತಿ ನಂಬಿಕೆಯಿಟ್ಟು, ಒಂದೇ ದಿನದಲ್ಲಿ ನದಿಗೆ ಹೋಗಿ ಬರುತ್ತೇವೆಂದು ಹೊರಟ ತರುಣರೂ ಸಾಕಷ್ಟು ಮಂದಿ. ೧೯೯೭ರಿಂದ ದಾರಿಯ ಮೊದಲ ಮೈಲಿಗಳಲ್ಲೇ ಕಾವಲುಗಾರರೂ ಸ್ವಯಂಸೇವಕರೂ ನಿಂತು, ‘ಎಲ್ಲಿಯವರೆಗೆ ಹೋಗುವಿರಿ? ನೀರೆಷ್ಟಿದೆ? ತಿನ್ನಲು ಏನಿದೆ?’ ಎಂದು ಕೇಳುತ್ತಾರೆ. ಮನೆಯ ಹಿರಿಯರು ಕೇಳಿದಂತೆಯೇ! ಸಿಡುಕದೆ ಉತ್ತರ ಕೊಡುವುದು ಜಾಣತನ.

ತಿನ್ನುವ ಮಾತು ಸುಮ್ಮನೆ ಬಂದುದಲ್ಲ. ನೀರನ್ನಷ್ಟೇ ಒಂದೇ ಸಮನೆ ಕುಡಿಯುತ್ತ ಉಪ್ಪಿನ ತಿನಿಸನ್ನು ಬಿಟ್ಟರೆ ರಕ್ತದಲ್ಲಿನ ಸೋಡಿಯಂ ಇಳಿದುಹೋಗುತ್ತದೆ. ತಲೆನೋವು, ವಾಂತಿ, ಬುದ್ಧಿಭ್ರಮೆ, ಕೊನೆಗೆ ಸೆಳವು, ಹೀಗೆ ಅದು ಪ್ರಾಣಕ್ಕೇ ಎರವಾಗಬಹುದು. ಹೊರಟ ಮಗನ ಚೀಲಕ್ಕೆ ಕೋಡುಬಳೆಯ ಪೊಟ್ಟಣ ತುರುಕುವ ನಮ್ಮ ತಾಯಂದಿರನ್ನು ಈ ಒಂದು ವಿಷಯದಲ್ಲಿ ಯಾವ ವೈದ್ಯನೂ ತಿದ್ದಲಾರ.

ಹಗಲಿನ ನಡಿಗೆಗೆ ಪರವಾನಗಿ ಬೇಡ. ಕೆಳಗೆ ಗುಡಾರ ಹಾಕಿ ರಾತ್ರಿ ಕಳೆಯಲು ಬೇಕು. ತಳದಲ್ಲಿ ತೊರೆಯ ಬದಿಗೆ ಬಿಡಾರದ ಜಾಗವಿದೆ. ಅಲ್ಲಿಂದ ಸ್ವಲ್ಪ ದೂರದಲ್ಲಿ, ವಾಸ್ತುಶಿಲ್ಪಿ ಮೇರಿ ಕೋಲ್ಟರ್ ಎಂಬಾಕೆ ರೂಪಿಸಿ ೧೯೨೨ರಲ್ಲಿ ತೆರೆದ ಫ್ಯಾಂಟಮ್ ರಾಂಚ್ ಎಂಬ ತಂಗುದಾಣ. ಅದರ ಅಡುಗೆಮನೆಯ ಸಾಮಾನು ಹೇಸರಗತ್ತೆಯ ಬೆನ್ನಿನ ಮೇಲೆ ಬರುತ್ತದೆ. ಬಿಡಾರದಲ್ಲಿ ಆಹಾರವನ್ನೆಲ್ಲ ತಗಡಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಬೇಕು; ಇಲ್ಲವಾದರೆ ಅಳಿಲುಗಳು ಚೀಲವನ್ನೇ ಕೊರೆಯುತ್ತವೆ. ಕಂದರದಲ್ಲಿ ಹಾವು ಚೇಳುಗಳಿದ್ದರೂ ಪ್ರವಾಸಿಗಳ ಬೆರಳಿಗೆ ಹೆಚ್ಚಾಗಿ ಬಾಯಿ ಹಾಕುವುದು ಈ ಮುದ್ದು ಪ್ರಾಣಿಯೇ.

ಈ ಮೂರು ದಾರಿಗಳ ಆಚೆ (ಮೂರನೆಯದು ಉತ್ತರದ ಅಂಚಿನಿಂದ ಹದಿನಾಲ್ಕು ಮೈಲಿ ಇಳಿಯುವ ನಾರ್ತ್ ಕೈಬಾಬ್) ಕಂದರ ಇನ್ನೂ ಕಾಡಾಗಿಯೇ ಇದೆ. ಆ ಕಾಡನ್ನು ಕಾಲಿನಿಂದ ಅಳೆದವನು ಹಾರ್ವಿ ಬುಚಾರ್ಟ್ ಎಂಬ ಗಣಿತದ ಪ್ರಾಧ್ಯಾಪಕ. ರಜೆ ಸಿಕ್ಕಾಗಲೆಲ್ಲ ಇಳಿದು, ಜೀವಮಾನದಲ್ಲಿ ೧೨,೦೦೦ ಮೈಲಿಗೂ ಹೆಚ್ಚು ನಡೆದು, ಎಲ್ಲವನ್ನೂ ದಿನಚರಿಯಲ್ಲಿ ಬರೆದಿಟ್ಟ. ಆತನ ಸಲಹೆ ಪಡೆದೇ ೧೯೬೩ರಲ್ಲಿ ಕಾಲಿನ್ ಫ್ಲೆಚರ್ ಎಂಬಾತ ಬೆನ್ನುಚೀಲ ಹೊತ್ತು, ಎರಡು ತಿಂಗಳು ಒಬ್ಬಂಟಿಯಾಗಿ, ಅಂದಿನ ಉದ್ಯಾನದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕಂದರದೊಳಗೇ ನಡೆದ. ಆತ ಮೊದಲೇ ಹೋಗಿ ಆಹಾರವನ್ನು ಬಚ್ಚಿಟ್ಟು ಬಂದಿದ್ದ. ನಡುವೆ ವಿಮಾನದಿಂದಲೂ ಸಾಮಗ್ರಿ ಬೀಳಿಸಲು ಏರ್ಪಾಡಾಗಿತ್ತು. ಸಾಹಸಿಯ ಅರ್ಧ ಸಾಹಸ ಈ ಲೆಕ್ಕಾಚಾರದಲ್ಲೇ ಇರುತ್ತದೆ.

ಉತ್ತರದ ಅಂಚಿನಲ್ಲಿ ೨೦೨೫ರ ಜುಲೈಯಲ್ಲಿ ಹಬ್ಬಿದ ಕಾಡ್ಗಿಚ್ಚಿಗೆ ಅಲ್ಲಿಯ ಹಳೆಯ ಅತಿಥಿಗೃಹ ಆಹುತಿಯಾಯಿತು. ಆ ಕಡೆಯಿಂದ ಇಳಿಯಬೇಕೆನ್ನುವವರು ದಾರಿಯ ಸ್ಥಿತಿಯನ್ನು ಉದ್ಯಾನದ ಕಚೇರಿಯಿಂದಲೇ ತಿಳಿದುಕೊಳ್ಳಬೇಕು.

ಏರುವುದಕ್ಕೆ ಇಳಿದ ಹೊತ್ತಿನ ಎರಡರಷ್ಟು ಬೇಕೆಂಬುದು ಅಲ್ಲಿಯ ಲೆಕ್ಕ. ಬೇಸಗೆಯಲ್ಲಿ ಹತ್ತು ಗಂಟೆಯಿಂದ ನಾಲ್ಕರವರೆಗೆ ನಡೆಯಲೇಬಾರದು. ಆದ್ದರಿಂದ ತಳದಲ್ಲಿ ಮಲಗಿದವರು ಇನ್ನೂ ಕತ್ತಲಿರುವಾಗಲೇ ಎದ್ದು, ತೊರೆಯಲ್ಲಿ ಅಂಗಿಯನ್ನೂ ಟೊಪ್ಪಿಗೆಯನ್ನೂ ನೆನೆಸಿ ತೊಟ್ಟುಕೊಂಡು, ಕೈದೀಪ ಹಿಡಿದು ಸೇತುವೆ ದಾಟುತ್ತಾರೆ. ಹೇಸರಗತ್ತೆಗಳ ಸಾಲು ಎದುರಾದರೆ ಪ್ರಪಾತದ ಬದಿಯನ್ನು ಬಿಟ್ಟು ಗೋಡೆಯ ಬದಿಗೆ ಸರಿದು, ಅವು ದಾಟುವವರೆಗೆ ಸದ್ದಿಲ್ಲದೆ ನಿಂತು, ಮತ್ತೆ ಹೆಜ್ಜೆಯಿಡುತ್ತಾರೆ. ಇನ್ನೂ ನಾಲ್ಕು ಸಾವಿರದ ಮುನ್ನೂರು ಅಡಿ ಏರಬೇಕು.