ಅಳತೆ ತಪ್ಪದ ಅಧಿಕಾರಿ

ಕೋಲಾರದ ಚಿನ್ನದ ಗಣಿಗಳು ಬಾಗಿಲು ಮುಚ್ಚಿದ್ದು 2001ರಲ್ಲಿ. ನಾಲ್ಕು ವರ್ಷಗಳ ನಂತರ ಕೆಜಿಎಫ್‌ನ ಹೆಸರು ದೇಶದ ಪತ್ರಿಕೆಗಳಲ್ಲಿ ಮತ್ತೆ ಕಾಣಿಸಿಕೊಂಡಿತು. ಕಾರಣ, ಅಲ್ಲಿ ಬೆಳೆದ ಯುವಕನೊಬ್ಬನ ಸಾವು. ಮಂಜುನಾಥ್ ಷಣ್ಮುಗಂ ಅವರಿಗೆ ಆಗಿನ್ನೂ 27 ವರ್ಷ. ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ವಿಜ್ಞಾನ ಓದಿ, ಲಖನೌದ ಐಐಎಂನಲ್ಲಿ ಆಡಳಿತ ನಿರ್ವಹಣೆಯ ವ್ಯಾಸಂಗ ಮುಗಿಸಿದ್ದ ಹುಡುಗ. ಅಂಥ ಓದು ಮುಗಿಸಿದವರು ಬ್ಯಾಂಕು, ಸಾಫ್ಟ್‌ವೇರ್, ಸಲಹಾ ಸಂಸ್ಥೆಗಳತ್ತ ಹೊರಳುತ್ತಿದ್ದ ಕಾಲವದು. ಅವರು ಸೇರಿದ್ದು ಸಾರ್ವಜನಿಕ ವಲಯದ ಇಂಡಿಯನ್ ಆಯಿಲ್ ಸಂಸ್ಥೆಯನ್ನು. ನಿಯುಕ್ತಿಯಾದದ್ದು ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಗೆ, ಮಾರಾಟ ಅಧಿಕಾರಿಯಾಗಿ.

ಆ ಸುದ್ದಿ ಓದಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಘಟನೆ ನಡೆದ ಊರಿನ ಹೆಸರು: ಗೋಲಾ ಗೋಕರ್ಣನಾಥ. ನೇಪಾಳದ ಗಡಿಗೆ ತಗುಲಿಕೊಂಡಿರುವ ಆ ಜಿಲ್ಲೆಯಲ್ಲಿ ಕಬ್ಬಿನ ಗದ್ದೆಗಳ ನಡುವೆ ಈ ಊರಿದೆ. ರಾವಣ ಹೊತ್ತು ತಂದ ಶಿವಲಿಂಗ ನೆಲಕ್ಕೆ ತಾಗಿ ಅಲ್ಲೇ ಉಳಿಯಿತೆಂದು ನಮ್ಮ ಗೋಕರ್ಣದ ಕಥೆಯನ್ನೇ ಅಲ್ಲಿನವರೂ ಹೇಳಿಕೊಳ್ಳುತ್ತಾರೆ.

ಬಂಕ್ ತಪಾಸಣೆಯ ಕೆಲಸ ನೋಡಲು ಬಲು ಸರಳ. ಸಾಂದ್ರತಾ ಮಾಪಕವನ್ನು ಇಂಧನದಲ್ಲಿ ತೇಲಿಬಿಟ್ಟು ಅಂಕಿಯನ್ನು ಓದುವುದು, ಅದನ್ನು 15 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿ ದಾಖಲೆಯೊಡನೆ ತಾಳೆ ನೋಡುವುದು, ಫಿಲ್ಟರ್ ಕಾಗದದ ಮೇಲೆ ಪೆಟ್ರೋಲಿನ ಹನಿ ಬಿಟ್ಟು ಕಲೆ ಉಳಿಯುತ್ತದೆಯೇ ಎಂದು ಪರೀಕ್ಷಿಸುವುದು, ಅನುಮಾನ ಬಂದರೆ ಮಾದರಿಗೆ ಮೊಹರು ಹಾಕಿ ಪ್ರಯೋಗಾಲಯಕ್ಕೆ ಕಳುಹಿಸುವುದು. ಇಷ್ಟಕ್ಕೆ ಯಾರಾದರೂ ಕೊಲೆ ಮಾಡುತ್ತಾರೆಯೇ?

ಉತ್ತರ ಅಂದಿನ ಬೆಲೆಗಳಲ್ಲಿದೆ. 2005ರಲ್ಲಿ ನ್ಯಾಯಬೆಲೆ ಅಂಗಡಿಯ ಸೀಮೆಎಣ್ಣೆ ಲೀಟರಿಗೆ 9 ರೂಪಾಯಿಯ ಆಸುಪಾಸಿನಲ್ಲಿತ್ತು. ಡೀಸೆಲ್ ಬೆಲೆ 30 ರೂಪಾಯಿಯ ಸುತ್ತಮುತ್ತ; ಪೆಟ್ರೋಲ್ 40 ದಾಟಿತ್ತು. ಬಡವರ ದೀಪಕ್ಕೆ, ಒಲೆಗೆ ಎಂದು ಹೊರಟ ಸೀಮೆಎಣ್ಣೆಯಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ದಾರಿಯಲ್ಲೇ ಸೋರಿಹೋಗುತ್ತಿದೆ ಎಂದು ರಾಷ್ಟ್ರೀಯ ಅನ್ವಯಿಕ ಆರ್ಥಿಕ ಸಂಶೋಧನಾ ಮಂಡಳಿಯ ಅಧ್ಯಯನ ಅದೇ ವರ್ಷ ಅಂದಾಜು ಮಾಡಿತ್ತು. ಡಿಪೊದಿಂದ ಬಂಕಿನವರೆಗೆ ಪ್ರತಿ ಲೀಟರಿನಲ್ಲೂ ಹಲವರ ಪಾಲಿತ್ತು. ಸಾಂದ್ರತಾ ಮಾಪಕ ಹಿಡಿದು ನಿಂತ ಅಧಿಕಾರಿ ಒಬ್ಬ ಮಾಲೀಕನಿಗೆ ಮಾತ್ರ ಎದುರಾಗುತ್ತಿರಲಿಲ್ಲ. ಆ ಇಡೀ ಸರಪಳಿಗೆ ಎದುರಾಗುತ್ತಿದ್ದ.

ಮಂಜುನಾಥ್ ತಮ್ಮ ವ್ಯಾಪ್ತಿಯ ಎರಡು ಬಂಕ್‌ಗಳಿಗೆ ಕಲಬೆರಕೆಯ ಕಾರಣಕ್ಕೆ ಬೀಗಮುದ್ರೆ ಹಾಕಿಸಿದ್ದರು. ಬಂಕ್ ಮತ್ತೆ ವ್ಯವಹಾರ ಆರಂಭಿಸಿದಾಗ ಮತ್ತೆ ತಪಾಸಣೆಗೆ ಹೋದರು. 2005ರ ನವೆಂಬರ್ 19ರ ರಾತ್ರಿ ಗೋಲಾದಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಪಕ್ಕದ ಸೀತಾಪುರ ಜಿಲ್ಲೆಯಲ್ಲಿ ಪೊಲೀಸರಿಗೆ ಶವ ಸಿಕ್ಕಿದ್ದು ಅವರದೇ ಕಾರಿನ ಹಿಂಬದಿಯ ಸೀಟಿನಲ್ಲಿ. ಕಾರಿನಲ್ಲಿದ್ದವರು ಬಂಕಿನ ಇಬ್ಬರು ನೌಕರರು.

ಆಮೇಲೆ ಅವರನ್ನು ಹುತಾತ್ಮ ಎಂದು ಕರೆದೆವು. 2014ರಲ್ಲಿ ಅವರ ಹೆಸರಿನದೇ ಹಿಂದಿ ಚಲನಚಿತ್ರವೂ ಬಂತು. ಗೌರವ ಸಲ್ಲಬೇಕಾದದ್ದೇ. ಆದರೂ ಆ ಪದ ನನಗೆ ಅಷ್ಟಾಗಿ ಒಗ್ಗುವುದಿಲ್ಲ. ಹುತಾತ್ಮನೆಂದೊಡನೆ ಅವನು ನಮ್ಮಂಥವನಲ್ಲ, ಅಸಾಧಾರಣ ಪುರುಷ ಎಂದು ದೂರವಿಟ್ಟು ಕೈಮುಗಿಯುವುದು ಸುಲಭವಾಗುತ್ತದೆ. ಮಂಜುನಾಥ್ ಕ್ರಾಂತಿಗೆ ಹೊರಟವರಲ್ಲ. 2003ರಲ್ಲಿ ಗಯಾದಲ್ಲಿ ಕೊಲೆಯಾದ ಎಂಜಿನಿಯರ್ ಸತ್ಯೇಂದ್ರ ದುಬೆ ಅವರಂತೆ ಹೆದ್ದಾರಿ ಹಗರಣದ ಬಗ್ಗೆ ಪ್ರಧಾನಿ ಕಾರ್ಯಾಲಯಕ್ಕೆ ಪತ್ರ ಬರೆದವರೂ ಅಲ್ಲ. ನೇಮಕವಾದ ಕೆಲಸವನ್ನು ಮಾಡಿದರು, ಎರಡನೆಯ ಬಾರಿಯೂ ಮಾಡಿದರು. ಸಂಬಳಕ್ಕೆ ತಕ್ಕ ಕೆಲಸ ಮಾಡಲು ಎಂಟೆದೆ ಬೇಕಾದ ಸ್ಥಿತಿಯನ್ನು ತಂದಿಟ್ಟವರು ಯಾರು ಎಂಬ ಪ್ರಶ್ನೆ ಪುಷ್ಪಗುಚ್ಛಗಳ ಅಡಿಯಲ್ಲಿ ಮುಚ್ಚಿಹೋಗುತ್ತದೆ.

ಒಂದು ಸಮಾಧಾನವೆಂದರೆ, ಈ ಪ್ರಕರಣ ನಮ್ಮ ಎಷ್ಟೋ ಪ್ರಕರಣಗಳಂತೆ ಕಡತದಲ್ಲಿ ಕೊಳೆಯಲಿಲ್ಲ. ಐಐಎಂಗಳ ಹಳೆಯ ವಿದ್ಯಾರ್ಥಿಗಳು ಮಂಜುನಾಥ್ ಹೆಸರಿನಲ್ಲಿ ಟ್ರಸ್ಟ್ ಕಟ್ಟಿಕೊಂಡು ಮೊಕದ್ದಮೆಯ ಬೆನ್ನು ಬಿಡಲಿಲ್ಲ. ಶೋಕ ಸಭೆ ನಡೆಸಿ ಮನೆಗೆ ಹೋಗಬಹುದಾಗಿದ್ದ ಜನ ಅವರು. 2007ರ ಮಾರ್ಚ್‌ನಲ್ಲಿ, ಅಂದರೆ ಕೊಲೆಯಾದ ಒಂದೂವರೆ ವರ್ಷದೊಳಗೆ, ಲಖೀಂಪುರದ ಸೆಷನ್ಸ್ ನ್ಯಾಯಾಲಯ ಮುಖ್ಯ ಆರೋಪಿಗೆ ಗಲ್ಲು, ಏಳು ಮಂದಿಗೆ ಜೀವಾವಧಿ ವಿಧಿಸಿತು. 2009ರಲ್ಲಿ ಹೈಕೋರ್ಟ್ ಗಲ್ಲನ್ನು ಜೀವಾವಧಿಗೆ ಇಳಿಸಿ ಇಬ್ಬರನ್ನು ಖುಲಾಸೆ ಮಾಡಿತು. ಉಳಿದ ಆರು ಮಂದಿಯ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2015ರಲ್ಲಿ ಎತ್ತಿಹಿಡಿಯಿತು.

ವ್ಯವಸ್ಥೆಯ ಕಡೆಯಿಂದ ಬಂದದ್ದು ಕಡಿಮೆ. 2006ರಲ್ಲಿ ಸೀಮೆಎಣ್ಣೆಗೆ ಗುರುತಿನ ರಾಸಾಯನಿಕ ಬೆರೆಸುವ ಕ್ರಮ ಜಾರಿಗೆ ಬಂತು. ಕೆಲವೇ ವರ್ಷಗಳಲ್ಲಿ ಅದು ನಿಂತಿತು. ಭ್ರಷ್ಟಾಚಾರ ಬಯಲಿಗೆಳೆದವರ ರಕ್ಷಣೆಯ ಕಾಯ್ದೆಗೆ 2014ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು, ಅದಿನ್ನೂ ಜಾರಿಯಾಗಿಲ್ಲ. ಜಾರಿಯಾಗಿದ್ದರೂ ಮಂಜುನಾಥ್ ಅವರಂಥವರಿಗೆ ಅದರಿಂದ ಹೆಚ್ಚೇನೂ ಆಗುತ್ತಿರಲಿಲ್ಲ. ಅವರು ಹೆಸರು ಮರೆಮಾಚಿ ದೂರು ಕೊಟ್ಟವರಲ್ಲ, ಮುಖಾಮುಖಿ ನಿಂತು ತಪಾಸಣೆ ಮಾಡಿದವರು. ಅಂಥವರಿಗೆ ಬೇಕಿರುವುದು ಜತೆಗೊಬ್ಬ ಪೊಲೀಸು, ಬೆದರಿಕೆ ಬಂದ ದಿನವೇ ಎಚ್ಚರಗೊಳ್ಳುವ ಮೇಲಧಿಕಾರಿ.

ಇದಕ್ಕೆ ಬೇರೆ ಸಾಕ್ಷಿ ಬೇಡ. 2011ರ ಜನವರಿ 25ರಂದು ಮಹಾರಾಷ್ಟ್ರದ ಮನ್ಮಾಡ್ ಬಳಿ ಅಪರ ಜಿಲ್ಲಾಧಿಕಾರಿ ಯಶವಂತ ಸೋನವಣೆ ಅವರನ್ನು ಇಂಧನ ಕಲಬೆರಕೆಯ ದಂಧೆಯವರು ಹಾಡುಹಗಲೇ ಸುಟ್ಟು ಕೊಂದರು. ಅವರು ಜಿಲ್ಲಾಡಳಿತದ ಹಿರಿಯ ಅಧಿಕಾರಿ. ಹಾಗಿರುವಾಗ ದೂರದ ನಾಡಿನಿಂದ ಬಂದ 27ರ ಹುಡುಗನ ಪಾಡೇನು?

2016ರಿಂದ ಕೇಂದ್ರ ಸರ್ಕಾರ ಸೀಮೆಎಣ್ಣೆಯ ಬೆಲೆಯನ್ನು ಕಂತು ಕಂತಾಗಿ ಏರಿಸುತ್ತ ಹೋಯಿತು. 2020ರ ಹೊತ್ತಿಗೆ ಸಬ್ಸಿಡಿಯೇ ಇಲ್ಲವಾಯಿತು. ಮಂಜುನಾಥ್ ಎದುರಿಸಿದ ದಂಧೆಯ ಬೇರು ಒಣಗತೊಡಗಿದ್ದು ಹೀಗೆ, ಅವರು ಹೋಗಿ ಹದಿನೈದು ವರ್ಷಗಳ ಮೇಲೆ, ಬೊಕ್ಕಸದ ಭಾರ ಇಳಿಸುವ ಲೆಕ್ಕಾಚಾರದಲ್ಲಿ.